ಭಾನುವಾರದ ವೋಲ್ಟೇಜು

ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ಪರಶುರಾಮನ ಬ್ಯಾಟರಿ ಅಂಗಡಿ ಹುಡುಕುವವರು ಬೋರ್ಡು ನೋಡಿ ಪ್ರಯೋಜನವಿರಲಿಲ್ಲ. ಅದರ ಅಕ್ಷರಗಳನ್ನು ಆಸಿಡ್ಡಿನ ಹೊಗೆ ಯಾವತ್ತೋ ತಿಂದು ಹಾಕಿತ್ತು. ಲಾರಿಯವರು, ಹದಡಿ ಕಡೆಯ ಟ್ರ್ಯಾಕ್ಟರಿನವರು ವಾಸನೆ ಹಿಡಿದೇ ಬರುತ್ತಿದ್ದರು. ಒಳಗೆ ಸಾಲಾಗಿ ಚಾರ್ಜಿಗೆ ಇಟ್ಟ ಬ್ಯಾಟರಿಗಳು, ಅವುಗಳ ನಡುವೆ ಅಂಗಿಯ ತುಂಬ ಸಣ್ಣ ಸಣ್ಣ ತೂತು ಬಿದ್ದ ಪರಶುರಾಮ. ಮೂವತ್ತೈದರ ಆಸುಪಾಸಿನವನು, ಮಾತು ಕಡಿಮೆ. ಪೇಟೆಯಲ್ಲಿ ಅವನ ಕೈಗುಣದ ಬಗ್ಗೆ ಮಾತಾಡುವವರು ಇದ್ದರು. ಆದರೆ ೧೯೯೬ರಿಂದ ಈಚೆಗೆ ಅವನ ಹೆಸರು ಬಂದ ಕೂಡಲೇ ಜನ ಹೇಳುತ್ತಿದ್ದುದೇ ಬೇರೆ: ಹೆಂಡತಿಯನ್ನು ಓದೋದಕ್ಕೆ ಅಂತ ಮೂರು ದಿನದ ದಾರಿಗೆ ಕಳಿಸಿ ತಾನು ಅವ್ವನ ಕೈ ಊಟ ಮಾಡಿಕೊಂಡು ಕೂತವನು.

ಹೆಂಡತಿ ಮೀನಾಕ್ಷಿ ಹರಿಹರದವಳು. ಅವಳ ಅಪ್ಪ ಹುಲಿಯಪ್ಪ ಅಲ್ಲಿನ ಯಂತ್ರದ ಕಾರ್ಖಾನೆಯೊಂದರಲ್ಲಿ ದುಡಿದವನು. ಮಗಳು ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಿ ದಾವಣಗೆರೆಯ ಕಾಲೇಜೊಂದರಲ್ಲಿ ಪಾಠ ಹೇಳುವ ಹಂತಕ್ಕೆ ಬಂದಾಗ, ಐಟಿಐ ಮುಗಿಸಿದ ಪರಶುರಾಮನಿಗೆ ಅವಳನ್ನು ಕೊಟ್ಟಿದ್ದಕ್ಕೆ ನೆಂಟರೆಲ್ಲ ಹುಬ್ಬೇರಿಸಿದ್ದರು. ಹುಲಿಯಪ್ಪ ಮಾತ್ರ, "ಹುಡುಗ ಕುಡಿಯಂಗಿಲ್ಲ, ಕೂಗಾಡಂಗಿಲ್ಲ. ನನ್ನ ಮಗಳು ಓದ್ತಾ ಕುಂತ್ರೆ ದೀಪ ಆರ್ಸಂಗಿಲ್ಲ," ಎಂದು ಮಾತು ಮುಗಿಸಿದ್ದ.

ಆ ಮಾತು ಸುಳ್ಳಾಗಲಿಲ್ಲ. ಕಾಲೇಜಿನವರು ಸಂಬಳ ಕೊಟ್ಟೇ ಅಧ್ಯಾಪಕರನ್ನು ಪಿಎಚ್.ಡಿ.ಗೆ ಕಳಿಸುವ ಯೋಜನೆಯೊಂದಿತ್ತು. ಮೀನಾಕ್ಷಿಗೆ ಉತ್ತರದ ರೂರ್ಕಿಯಲ್ಲಿ ಜಾಗ ಸಿಕ್ಕಿತು. ಊಟಕ್ಕೆ ಬಡಿಸುತ್ತಾ ಅವಳು ಸುದ್ದಿ ಹೇಳಿದಳು.

"ಹೋಗ್ತೀಯ?" ಎಂದ ಪರಶುರಾಮ.

"ನೀವು ಹೋಗು ಅಂದ್ರೆ."

"ನಾ ಅನ್ನೋದು ಆಮೇಲೆ. ನಿನಗ ಹೋಗ್ಬೇಕು ಅನ್ಸೈತೋ ಇಲ್ಲೋ?"

ಅವಳು ಸೌಟು ಹಿಡಿದುಕೊಂಡೇ ತಲೆಯಾಡಿಸಿದಳು. ಆ ತಲೆಯಾಡಿಸಿದ ರೀತಿಯಲ್ಲಿ ಎಷ್ಟೋ ದಿನಗಳಿಂದ ಹತ್ತಿಕ್ಕಿಟ್ಟ ಆಸೆ ಕಂಡಿತು.

"ಮತ್ತೆ ಹೋಗು," ಎಂದ.

ಅಷ್ಟು ಸಲೀಸಾಗಿ ಬಾಯಿಂದ ಬಿದ್ದ ಆ ಮಾತಿನ ತೂಕ ಎಷ್ಟೆಂದು ಅವನಿಗೆ ಗೊತ್ತಾಗಿದ್ದು ರೈಲು ಹೊರಟ ಮೇಲೆ. ಅವ್ವ ದ್ಯಾಮವ್ವ ಒಂದು ವಾರ ಅವನೊಂದಿಗೆ ನೆಟ್ಟಗೆ ಮಾತಾಡಲಿಲ್ಲ. ಮದುವೆಯಾಗಿ ಆರು ವರ್ಷವಾದರೂ ಮನೆಯಲ್ಲಿ ತೊಟ್ಟಿಲು ಕಟ್ಟಿರಲಿಲ್ಲ. "ಮಕ್ಕಳಾಗೋ ವಯಸ್ಸಿನಾಗ ಯಾರಾರ ಸಾಲಿಗೆ ಹೋಗ್ತಾರೇನೋ?" ಎಂದು ಅವಳು ಕೇಳಿದಳು.

ಸಂಜೆ ಮಂಡಕ್ಕಿ ಕಟ್ಟಿಸುವಾಗ ಅವನ ಬಾಯಿ ತಾನಾಗಿಯೇ "ಎರಡು" ಅನ್ನುತ್ತಿತ್ತು. ಎರಡನೆಯದು ಪಕ್ಕದ ಅಂಗಡಿಯ ಹಯಾತ್ ಸಾಬರ ಪಾಲಾಗುತ್ತಿತ್ತು. ಲಾರಿಗಳ ರೇಡಿಯೇಟರು ಬೆಸೆಯುವ ಮುದುಕ ಅವರು. ಮೊದಮೊದಲು ಬೇಡ ಅನ್ನುತ್ತಿದ್ದವರು ಆಮೇಲೆ ಸುಮ್ಮನೆ ಕೈಚಾಚತೊಡಗಿದರು. ಮಂಡಕ್ಕಿ ಮುಕ್ಕುತ್ತಾ ರಸ್ತೆಯ ಆಚೆ ಬಂದು ನಿಲ್ಲುವ ಹರಿಹರದ ಬಸ್ಸಿನ ಕಡೆ ಪರಶುರಾಮನ ಕಣ್ಣು ಹೋಗುವುದನ್ನು ಅವರು ನೋಡಿಯೂ ನೋಡದಂತೆ ಇರುತ್ತಿದ್ದರು. ತವರಿಗೆ ಹೋದ ಮೀನಾಕ್ಷಿ ಇಳಿಯುತ್ತಿದ್ದುದು ಅದೇ ಬಸ್ಸಿನಿಂದ. ಈಗ ಅವಳು ಅದರಲ್ಲಿ ಇರುವುದಿಲ್ಲವೆಂದು ಗೊತ್ತಿದ್ದೂ, ಕೊನೆಯವನು ಇಳಿಯುವವರೆಗೆ ಅವನು ಕತ್ತು ತಿರುಗಿಸುತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಪಿ.ಜೆ. ಬಡಾವಣೆಯ ವಾಮದೇವಪ್ಪನ ಎಸ್‌ಟಿಡಿ ಬೂತಿನಿಂದ ಫೋನು. ಅಲ್ಲಿ ಹಾಸ್ಟೆಲಿನ ಆಫೀಸಿನಲ್ಲಿ ಯಾರೋ ಎತ್ತಿ, ಹಿಂದಿಯಲ್ಲಿ ಏನೋ ಅಂದು, ಅವಳನ್ನು ಕೂಗಿ ಕರೆಯುವಷ್ಟರಲ್ಲಿ ಹೊರಗೆ ಕಾಯುವವರು ಗಾಜು ಬಡಿಯಲು ಶುರುಮಾಡುತ್ತಿದ್ದರು. "ಊಟ ಆತಾ?" "ಆತು. ಅತ್ತೆ ಹೆಂಗದಾರೆ?" "ಅದಾಳೆ." "ನಿಮ್ಮ ಕೆಮ್ಮು?" "ಹೋತು." ಅಲ್ಲಿಗೆ ಮುಗಿಯುತ್ತಿತ್ತು. ವಾರವಿಡೀ ಅವಳಿಗೆ ಹೇಳಬೇಕೆಂದು ಕೂಡಿಟ್ಟುಕೊಂಡದ್ದು, ಆ ಗಾಜಿನ ಪೆಟ್ಟಿಗೆಯೊಳಗೆ ನಿಂತ ಕೂಡಲೇ ಅವನ ನಾಲಿಗೆಗೆ ಸಿಗುತ್ತಿರಲಿಲ್ಲ.

ಮರುವರ್ಷ ದಸರೆಗೆ ಬಂದಾಗ ಮೀನಾಕ್ಷಿ ಬಟ್ಟೆಯ ನಡುವೆ ಸುತ್ತಿ ಒಂದು ಸಾಮಾನು ತಂದಿದ್ದಳು. ಪೌಡರ್ ಡಬ್ಬಿಯಷ್ಟು ಗಾತ್ರದ, ತಲೆಯ ಮೇಲೆ ಎರಡು ತಿರುಪು ಇದ್ದ ಒಂದು ಉರುಳೆ.

"ಬ್ಯಾಟ್ರಿನಾ?" ಎಂದ ಪರಶುರಾಮ, ಕೈಯಲ್ಲಿ ತೂಗಿ ನೋಡುತ್ತಾ.

"ಅಲ್ಲ, ಕೆಪಾಸಿಟರು. ಸೂಪರ್ ಕೆಪಾಸಿಟರ್ ಅಂತಾರೆ. ನಿಮ್ಮ ಬ್ಯಾಟ್ರಿ ತುಂಬಾಕ ಒಂದು ಹಗಲು ಬೇಕು. ಇದು ಚಾ ಕುಡಿಯೋದ್ರಾಗ ತುಂಬತೈತೆ, ಹಂಗೇ ಒಂದೇ ಏಟಿಗೆ ಕೊಡತೈತೆ. ಬಸ್ಸು ಬ್ರೇಕ್ ಹಾಕ್ದಾಗ ಹುಟ್ಟೋ ಶಕ್ತಿನ ಹಿಡಿದಿಟ್ಕಂಡು, ಮತ್ತೆ ಹೊರಡೋವಾಗ ಕೊಡಬಹುದು."

"ಮತ್ತೆ ಮಾಡಿಟ್ಟಾರಲ್ಲ. ನೀ ಮಾಡೋದೇನು?"

ಅವಳು ನಕ್ಕಳು. ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂದೆ ಗೆರೆ ಎಳೆಯುತ್ತಾ ಕೂತಳು. ಈ ಡಬ್ಬಿ ಪುಸ್ತಕದಲ್ಲಿ ಹೇಳಿದಂತೆ ನಡೆದುಕೊಳ್ಳುವುದಿಲ್ಲ. ತುಂಬಿಸಿ ಕೈಬಿಟ್ಟರೆ ಯಾರೂ ಮುಟ್ಟದಿದ್ದರೂ ವೋಲ್ಟೇಜು ಇಳಿಯುತ್ತದೆ. ಎಷ್ಟು ಹೊತ್ತಿಗೆ ಎಷ್ಟು ಎಂದು ಮೊದಲೇ ಲೆಕ್ಕ ಹಾಕಲು ಬರಬೇಕು. ಹಾಗೆ ಬರಬೇಕೆಂದರೆ ಅದರ ಒಳಗಿನ ನಡವಳಿಕೆಯನ್ನು ನಾಲ್ಕಾರು ಸಾಮಾನ್ಯ ರೆಸಿಸ್ಟರು, ಕೆಪಾಸಿಟರುಗಳ ಚಿತ್ರವಾಗಿ ಬರೆದು, ಆ ಚಿತ್ರ ನಿಜವಾದ ಡಬ್ಬಿಯ ಹಾಗೇ ವರ್ತಿಸುವಂತೆ ಹೊಂದಿಸಬೇಕು. ಅದಕ್ಕೆ ಮಾದರಿ ಕಟ್ಟುವುದು ಅನ್ನುತ್ತಾರೆ. ಇಷ್ಟು ಹೇಳಿ ಅವಳು ತಲೆಯೆತ್ತಿದಾಗ ಪರಶುರಾಮ ಹಾಳೆಯನ್ನಲ್ಲ, ಅವಳನ್ನು ನೋಡುತ್ತಿದ್ದ.

"ಕೇಳ್ರಿ ಇಲ್ಲಿ. ಹರಿಹರದ ಬಸ್ಸು ನೆನಪು ಮಾಡ್ಕಳ್ರಿ. ಜನ ಎಲ್ಲಾ ಬಾಗಿಲತ್ರಾನೇ ಜೋತು ಬಿದ್ದಿರ್ತಾರೆ. ಹೊರಗಿಂದ ನೋಡಿದ್ರೆ ಬಸ್ಸು ತುಂಬೈತೆ. ಕಂಡಕ್ಟರ್ ಒಳಗೆ ಸರೀರಿ ಅಂತ ಬಡಕಂಡ ಮೇಲೆ ಒಬ್ಬೊಬ್ರೇ ಸರೀತಾರೆ, ಬಾಗಿಲತ್ರ ಜಾಗ ಆಗತೈತೆ. ಅಂದ್ರೆ ಜನ ಇಳಿದ್ರು ಅಂತಾನಾ?"

"ಇಲ್ಲ. ಒಳಗೆ ಹೋದ್ರು."

"ಅದೇ. ಇದ್ರೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ತೂತಿನ ಇದ್ದಿಲು ಐತೆ. ಚಾರ್ಜು ಮೊದ್ಲು ಬಾಗಿಲತ್ರ ಕುಂದ್ರತೈತೆ, ಆಮೇಲೆ ನಿಧಾನಕ್ಕೆ ಒಳಗೆ ಸರೀತೈತೆ. ನಮ್ಮ ಮೀಟರಿಗೆ ಕಾಣೋದು ಬಾಗಿಲು ಅಷ್ಟೇ."

ತನ್ನ ಮಾದರಿಯಲ್ಲಿ ಚಾರ್ಜು ಒಳಗೆ ಸರಿಯುವ ದಾರಿಗಳೆಂದು ಅವಳು ಎರಡು ಕವಲು ಇಟ್ಟಿದ್ದಳು. ಒಂದು ಸೆಕೆಂಡುಗಳಲ್ಲಿ ತುಂಬುವಂಥದು, ಇನ್ನೊಂದು ನಿಮಿಷಗಳಲ್ಲಿ. ತಿಂಗಳುಗಟ್ಟಲೆ ಇಟ್ಟಾಗ ಇಳಿಯುವುದನ್ನು ಬರೀ ಸೋರಿಕೆ ಎಂದು ಹಿಡಿದಿದ್ದಳು. ಆ ಸೋರಿಕೆಯನ್ನು ದಾವಣಗೆರೆಯ ಸೆಕೆಯಲ್ಲೂ ಅಳೆಯಬೇಕಿತ್ತು. ರಜೆ ಮುಗಿಯುವ ಮುಂಚೆ ಅಂಗಡಿಯಲ್ಲಿ ಅದನ್ನು ಪೂರ್ತಿ ತುಂಬಿಸಿ ಒಳಗಿನ ಅಟ್ಟಣಿಗೆಯ ಮೇಲೆ ಇಟ್ಟಳು. ಒಂದು ಡಿಜಿಟಲ್ ಮೀಟರನ್ನೂ ಕೊಟ್ಟಳು.

"ಭಾನುವಾರಕ್ಕೊಮ್ಮೆ ನೋಡಿ ನನಗ ಹೇಳಿದ್ರೆ ಸಾಕು. ತಾಗಿಸ್ರಿ, ಓದ್ರಿ, ತೆಗೆದುಬಿಡ್ರಿ. ಮೀಟರನ್ನ ಅಲ್ಲೇ ಬಿಡಬ್ಯಾಡ್ರಿ, ಅದೂ ಒಂಚೂರು ಕುಡೀತೈತೆ."

ಅಂದಿನಿಂದ ಅವನ ಭಾನುವಾರಗಳಿಗೆ ಒಂದು ಮಾತು ಸಿಕ್ಕಿತು. ಸ್ನಾನ ಮಾಡಿ, ತೂತಿಲ್ಲದ ಅಂಗಿ ಹಾಕಿಕೊಂಡು ಅಂಗಡಿಯ ಬಾಗಿಲು ಅರ್ಧ ತೆರೆದು, ಸ್ಟೂಲು ಹತ್ತಿ, ಮೀಟರಿನ ಎರಡು ಕಡ್ಡಿ ತಾಗಿಸುವನು. ಅಂಕಿಯನ್ನು ಬಾಯಲ್ಲೇ ಅಂದುಕೊಳ್ಳುತ್ತ ಸೈಕಲ್ ತುಳಿದು ಬೂತಿಗೆ ಹೋಗುವನು. "ಎರಡು ಪಾಯಿಂಟ್ ಸೊನ್ನೆ ಎಂಟು," ಅನ್ನುವನು. ಆ ಕಡೆ ಅವಳು "ಹೂಂ" ಅನ್ನುವಳು. ಆ ಹೂಂ ಅನ್ನುವುದರಲ್ಲಿ ಅವಳ ಪೆನ್ನು ಕಾಗದದ ಮೇಲೆ ಓಡುವುದು ಅವನಿಗೆ ಕೇಳಿಸುತ್ತಿತ್ತು. ಆಮೇಲೆ ಸೆಕೆ ಎಷ್ಟು, ಅಂಗಡಿಗೆ ಬಿಸಿಲು ಬಿತ್ತಾ, ಕರೆಂಟು ಹೋಗಿತ್ತಾ ಎಂಬ ಪ್ರಶ್ನೆಗಳು. ಯಾವುದೂ ಅವನ ಬಗ್ಗೆ ಅಲ್ಲ. ಆದರೂ ತನ್ನ ಅಂಗಡಿಯ ಬಿಸಿಲು ಎಲ್ಲಿ ಬೀಳುತ್ತದೆಂದು ಅಷ್ಟು ದೂರದಿಂದ ಅವಳು ಕೇಳುವಾಗ, ಅಲ್ಲೇ ಎಲ್ಲೋ ಮೂಲೆಯಲ್ಲಿ ಅವಳು ನಿಂತು ನೋಡುತ್ತಿದ್ದಾಳೆ ಅನ್ನಿಸುತ್ತಿತ್ತು. ಬೂತಿನ ವಾಮದೇವಪ್ಪನಿಗೆ ಮಾತ್ರ ಅನುಮಾನ. "ಏನೋ ಪರಸಣ್ಣ, ಮಟ್ಕಾ ನಂಬರ್ ಹೇಳ್ತೀಯೇನೋ ಹೆಂಡ್ತಿಗೆ?" ಎಂದು ಕೇಳಿಯೇ ಬಿಟ್ಟ.

ಚಳಿ ಹೋಗಿ ಬೇಸಿಗೆ ಬಂತು. ಅಂಕಿ ಇಳಿಯುತ್ತಾ ಹೋಯಿತು. ಏಪ್ರಿಲಿನಲ್ಲಿ ಮೀನಾಕ್ಷಿ ಒಂದು ಸುದ್ದಿ ಹೇಳಿದಳು. ಅವಳ ಮಾರ್ಗದರ್ಶಕರು, ಅಳತೆಗಳು ಸಾಕು, ಉಳಿದ ಬರವಣಿಗೆಯನ್ನು ಊರಲ್ಲೇ ಕೂತು ಮಾಡು ಎಂದಿದ್ದರು. "ಮುಂದಿನ ತಿಂಗಳು ಬಂದುಬಿಡ್ತೀನಿ ರೀ. ಪೂರ್ತಿ." ಪರಶುರಾಮ ಫೋನಿಟ್ಟು ಹೊರಬಂದವನು ಸೈಕಲ್ಲನ್ನು ಅಲ್ಲೇ ಮರೆತು ಶಾಮನೂರು ರಸ್ತೆಯ ಮನೆಯವರೆಗೂ ನಡೆದುಕೊಂಡೇ ಹೋದ. ದ್ಯಾಮವ್ವ ಅಂದೇ ಶ್ಯಾವಿಗೆ ಹೊಸೆಯಲು ಹಿಟ್ಟು ನಾದಿದಳು.

ಎರಡು ವಾರದ ನಂತರ ಅಂಗಡಿಯಲ್ಲಿ ಅನಾಹುತವಾಯಿತು. ಪರಶುರಾಮ ಡಿಸ್ಟಿಲ್ಡ್ ವಾಟರ್ ತರಲು ಹೋಗಿದ್ದ. ಹಯಾತ್ ಸಾಬರು ಎರವಲು ಒಯ್ದಿದ್ದ ದೊಡ್ಡ ಸ್ಪ್ಯಾನರನ್ನು ವಾಪಸು ಇಡಲು ಬಂದು, ಮೇಲೇನಿದೆ ಎಂದು ಕಾಣದೆ, ಕೈಯೆತ್ತಿ ಅಟ್ಟಣಿಗೆಯ ಮೇಲೆ ಇಟ್ಟರು. ಅದು ಸರಿಯಾಗಿ ಆ ಡಬ್ಬಿಯ ಎರಡು ತಿರುಪುಗಳ ಮೇಲೆ ಅಡ್ಡ ಬಿತ್ತು. ಫಟ್ಟೆಂದು ಕಿಡಿ ಹಾರಿತು. ಸ್ಪ್ಯಾನರು ಅಂಟಿಕೊಂಡಿತು. ಪರಶುರಾಮ ಬರುವಷ್ಟರಲ್ಲಿ ಅವರು ಕಟ್ಟಿಗೆಯ ತುಂಡಿನಿಂದ ಅದನ್ನು ಬಡಿದು ಬೀಳಿಸಿ, ಗೋಡೆಗೆ ಒರಗಿ ಏದುಸಿರು ಬಿಡುತ್ತಿದ್ದರು.

"ಅರೆ, ಇದು ಬ್ಯಾಟ್ರಿ ಅಲ್ಲ ಅಂತ ಹೇಳಿದ್ದಿ ಭಾಯ್! ಇಷ್ಟು ಬೆಂಕಿ ಎಲ್ಲಿಂದ ಬಂತು?"

"ಕೈಗೆ ಏನೂ ಆಗಿಲ್ಲಲ್ಲ ಸಾಬ್ರೆ?"

"ಕೈ ಬಿಡು. ತಂಗಿದು ಸಾಮಾನು ಖರಾಬ್ ಆತಾ ನೋಡು."

ಮೀಟರು ತಾಗಿಸಿದ. ಸೊನ್ನೆಯ ಹತ್ತಿರ. ಏಳು ತಿಂಗಳಿನಿಂದ ಕಾಯ್ದುಕೊಂಡು ಬಂದದ್ದು ಒಂದು ಗಳಿಗೆಯಲ್ಲಿ ಹೋಗಿತ್ತು. ಮುದುಕರನ್ನು ಬೈಯಲು ಅವನಿಗೆ ಬಾಯಿ ಬರಲಿಲ್ಲ. ಮರುದಿನ ಬೆಳಿಗ್ಗೆ ಅಂಗಡಿ ತೆರೆದವನು, ಸತ್ತವರ ನಾಡಿ ನೋಡಿದಂತೆ ಸುಮ್ಮನೆ ಇನ್ನೊಮ್ಮೆ ತಾಗಿಸಿದ. ಮೀಟರು ಸೊನ್ನೆ ಪಾಯಿಂಟ್ ಎರಡು ಮೂರು ತೋರಿಸಿತು. ಕಣ್ಣುಜ್ಜಿಕೊಂಡು ಮತ್ತೆ ನೋಡಿದ. ಅಷ್ಟೇ. ಹಯಾತ್ ಸಾಬರನ್ನು ಕೇಳಿದರೆ, ಅಲ್ಲಾನ ಆಣೆಗೂ ತಾವು ಅದರ ಹತ್ತಿರ ಸುಳಿದಿಲ್ಲ ಎಂದರು. ಯಾರೂ ತುಂಬಿಸದೆ ಅದು ತಾನಾಗಿ ಮೇಲೆದ್ದಿತ್ತು.

ಭಾನುವಾರ ಬೂತಿನಲ್ಲಿ ನಿಂತು ಸ್ಪ್ಯಾನರಿನ ಕಥೆಯನ್ನು ಒಂದೇ ಉಸಿರಿಗೆ ಹೇಳಿದ.

"ಹೋಗ್ಲಿ ಬಿಡ್ರಿ," ಎಂದಳು ಮೀನಾಕ್ಷಿ. "ಆಗೋದು ಆತು. ಸಾಬರನ್ನ ಏನೂ ಅನ್ನಬ್ಯಾಡ್ರಿ. ಹೆಂಗೂ ಅಳತೆ ಮುಗಿದಂಗೇ ಇತ್ತು. ಇನ್ನ ಹತ್ತು ಹದಿನೈದು ದಿನ, ಬರ್ತೀನಲ್ಲ."

ಪರಶುರಾಮ ರಿಸೀವರು ಹಿಡಿದು ನಿಂತ. ಹೊರಗೆ ಒಬ್ಬ ಗಾಜು ಬಡಿಯುತ್ತಿದ್ದ. ಫೋನು ಇಟ್ಟುಬಿಟ್ಟರೆ ಅವಳು ಬರುತ್ತಾಳೆ. ಮರುದಿನ ತಾನಾಗಿ ಮೇಲೆದ್ದ ಆ ಅಂಕಿಯನ್ನು ಅವನಿನ್ನೂ ಹೇಳಿರಲಿಲ್ಲ, ಅದರ ಅರ್ಥವೂ ಅವನಿಗೆ ಗೊತ್ತಿರಲಿಲ್ಲ. ಅದು ಅವಳ ಲೆಕ್ಕದಲ್ಲಿ ಇಲ್ಲದ್ದು ಎಂಬುದು ಮಾತ್ರ ಗೊತ್ತಿತ್ತು. ಅವಳ ಹತ್ತಿರ ಇಷ್ಟು ದಿನ ಹೇಳಿದ್ದೆಲ್ಲ ಆ ಮೀಟರು ತೋರಿಸಿದ್ದೇ. ಇದೊಂದನ್ನು ನುಂಗಿಕೊಂಡು, ನಾಳೆ ಅವಳು ಎದುರಿಗೆ ಕೂತು ಬರೆಯುವಾಗ ಅವಳ ಮುಖ ಹೇಗೆ ನೋಡುವುದು?

"ಮೀನಾಕ್ಷಿ, ಇನ್ನೊಂದು ಐತೆ. ಮಾರನೇ ದಿನ ನೋಡಿದೆ. ತಾನೇ ಏರೈತೆ. ಪಾಯಿಂಟ್ ಎರಡು ಮೂರು."

"ಏನಂದ್ರಿ?"

"ಪಾಯಿಂಟ್ ಎರಡು ಮೂರು. ಯಾರೂ ಮುಟ್ಟಿಲ್ಲ. ಇವತ್ತು ಇನ್ನೊಂಚೂರು ಜಾಸ್ತಿನೇ ಐತೆ."

ಈಗ ಆ ಕಡೆಯಿಂದ ಬಂದ ದನಿ ಬೇರೆಯೇ ಆಗಿತ್ತು. ದಸರೆಯ ರಜೆಯಲ್ಲಿ ಗೆರೆ ಎಳೆಯುತ್ತಿದ್ದಾಗಿನ ದನಿ. "ಸೋರಿ ಹೋತು ಅಂತ ಬರೆದಿದ್ನಲ್ಲ, ಅದು ಸೋರಿಲ್ಲ ರೀ! ಒಳಗೇ ಇತ್ತು. ತಿಂಗಳುಗಟ್ಟಲೆ ಒಳಗೆ ಒಳಗೆ ಹೋಗಿ ಕೂತಿತ್ತು. ಬಾಗಿಲತ್ರ ಖಾಲಿ ಆದ ಕೂಡ್ಲೇ ಹಿಂದಿನವರು ಮುಂದೆ ಬಂದಂಗೆ..." ಮಾತು ಅಲ್ಲಿಗೇ ನಿಂತಿತು. ಇದರಿಂದ ಮುಂದೇನೆಂದು ಅವಳಿಗೂ ಹೊಳೆದಿತ್ತು. ಎರಡು ಕವಲು ಸಾಲದು. ಇನ್ನೂ ನಿಧಾನವಾದ ಮೂರನೆಯದು ಬೇಕು. ಅದನ್ನು ಅಳೆಯುವುದೆಂದರೆ ಮತ್ತೆ ತುಂಬಿಸುವುದು, ಮತ್ತೆ ತಿಂಗಳುಗಳ ಕಾಲ ಇಡುವುದು.

ಮುಂದಿನ ಭಾನುವಾರ ಅವಳೇ ಹೇಳಿದಳು. ಮಾರ್ಗದರ್ಶಕರು ಒತ್ತಾಯ ಮಾಡಿಲ್ಲ. ಎರಡು ಕವಲಿನಲ್ಲೇ ಮುಗಿಸಿದರೂ ಪದವಿ ಸಿಗುತ್ತದೆ. ಮೂರನೆಯದಕ್ಕೆ ಇನ್ನೊಂದು ವರ್ಷ ಬೇಕು, ಅಲ್ಲಿಯ ಪ್ರಯೋಗಾಲಯವೇ ಬೇಕು.

"ನೀವು ಬಾ ಅಂದ್ರೆ ಬರ್ತೀನಿ," ಎಂದಳು. ಸುಮ್ಮನೆ ಅಂದದ್ದಲ್ಲವೆಂದು ಅವನಿಗೆ ಗೊತ್ತಾಯಿತು. ಬಾ ಅಂದರೆ ನಿಜವಾಗಿ ಬರುತ್ತಿದ್ದಳು. ಆಮೇಲೆ ಒಂದು ದಿನವೂ ಆ ಮಾತು ಎತ್ತುತ್ತಿರಲಿಲ್ಲ. ಅವನಿಗೆ ಹೆದರಿಕೆಯಾದದ್ದು ಅದಕ್ಕೇ.

"ಇರು," ಎಂದ. "ಅಲ್ಲೇ ಇದ್ದು ಮುಗಿಸು."

ದ್ಯಾಮವ್ವ ಒಣಗಲು ಹಾಕಿದ್ದ ಶ್ಯಾವಿಗೆಯನ್ನು ಡಬ್ಬಿಗೆ ತುಂಬುತ್ತಾ, "ನೀ ಮನುಷ್ಯನೋ ಕಂಬನೋ?" ಎಂದಳು. ಆಮೇಲೆ ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು.

ಆ ವರ್ಷದ ದಸರೆಗೆ ಮೀನಾಕ್ಷಿ ಕೆಲವೇ ದಿನ ಬಂದು, ಹೋಗುವಾಗ ಡಬ್ಬಿಯನ್ನೂ ಮೀಟರನ್ನೂ ಕಟ್ಟಿಕೊಂಡು ಹೋದಳು. ಆಮೇಲಿನ ಭಾನುವಾರಗಳೇ ಕಷ್ಟದವು. ಬೂತಿಗೆ ಹೋಗುತ್ತಿದ್ದ, ನಂಬರು ತಿರುಗಿಸುತ್ತಿದ್ದ, ಹೇಳಲು ಅಂಕಿಯಿರುತ್ತಿರಲಿಲ್ಲ. "ಮತ್ತೆ?" "ಮತ್ತೇನಿಲ್ಲ." "ಅಪ್ಪ ಬಂದಿದ್ರಾ?" "ಬಂದಿದ್ರು." ಮಾತಿಲ್ಲದ ತಂತಿ ಅಷ್ಟು ಉದ್ದಕ್ಕೂ ಸುಂಯ್‌ಗುಡುತ್ತಿತ್ತು. ನೀನಿಲ್ಲದೆ ಮನೆ ಬಿಕೋ ಅನ್ನುತ್ತದೆ ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂದು ಹಿಂದಿರುಗುತ್ತಿತ್ತು. ಒಮ್ಮೆ ತಡೆಯಲಾರದೆ, "ಹದಡಿ ಟ್ರ್ಯಾಕ್ಟರಿನ ಬ್ಯಾಟ್ರಿ, ಹನ್ನೆರಡು ಪಾಯಿಂಟ್ ನಾಲ್ಕು," ಎಂದುಬಿಟ್ಟ.

"ಹಾಂ?"

"ರಾಣೆಬೆನ್ನೂರು ಲಾರಿದು, ಹತ್ತು ಪಾಯಿಂಟ್ ಐದು. ಒಂದು ಸೆಲ್ಲು ಹೋಗೈತೆ."

ಮೀನಾಕ್ಷಿ ನಕ್ಕಳು. ಬಹಳ ಹೊತ್ತು ನಕ್ಕಳು. ನಗು ಯಾವಾಗ ಅಳುವಾಯಿತೆಂದು ಇಬ್ಬರಿಗೂ ಗೊತ್ತಾಗಲಿಲ್ಲ. "ಇನ್ನೂ ಹೇಳ್ರಿ," ಎಂದಳು ಮೂಗೆಳೆಯುತ್ತಾ. ಅವನು ಅಂಗಡಿಯಲ್ಲಿದ್ದ ಬ್ಯಾಟರಿಗಳನ್ನೆಲ್ಲ ಒಂದೊಂದಾಗಿ ಹೇಳಿದ. ಅಂದು ಗಾಜು ಬಡಿಯುತ್ತಿದ್ದವನನ್ನು ವಾಮದೇವಪ್ಪನೇ ಗದರಿ ಸುಮ್ಮನಿರಿಸಿದ.

೧೯೯೯ರ ಮಳೆಗಾಲದಲ್ಲಿ ಮೀನಾಕ್ಷಿ ತಿರುಗಿ ಬಂದಳು. ಮೂರು ಕವಲಿನ ಮಾದರಿ ಅಳತೆಯೊಂದಿಗೆ ಚೆನ್ನಾಗಿ ಕೂಡಿಬಂದಿತ್ತು, ಪ್ರಬಂಧ ಒಪ್ಪಿಗೆಯಾಗಿತ್ತು. ರೈಲ್ವೆ ಸ್ಟೇಷನ್ನಿಗೆ ಹಯಾತ್ ಸಾಬರೂ ಬಂದಿದ್ದರು. ಮನೆಯಲ್ಲಿ ಶ್ಯಾವಿಗೆ ಪಾಯಸವಾಯಿತು. ಪರಶುರಾಮ ಸಂಜೆ ಮಂಡಕ್ಕಿ ಎರಡು ಕಟ್ಟಿಸಿ ಎರಡನ್ನೂ ಮನೆಗೆ ತಂದ.

ಎಲ್ಲ ಸರಿಯಾಯಿತೆಂದು ಅವನು ಅಂದುಕೊಂಡದ್ದು ಕೆಲವು ವಾರ ಮಾತ್ರ. ಕಾಲೇಜಿನವರು ಅವಳಿಗೆ ಮೊದಲ ವರ್ಷದ ಪಾಠಗಳನ್ನು ಕೊಟ್ಟರು. ಅಳತೆ ಮಾಡಲು ಒಂದು ಮೇಜು ಕೇಳಿದರೆ ಮುಂದಿನ ವರ್ಷ ನೋಡೋಣ ಎಂದರು. ಅವಳು ಯಾವುದನ್ನೂ ದೂರಿಕೊಳ್ಳಲಿಲ್ಲ. ಮನೆಗೆಲಸದಲ್ಲಿ ಅತ್ತೆಗೆ ಕೈಜೋಡಿಸಿದಳು, ವಿದ್ಯಾರ್ಥಿಗಳ ಉತ್ತರ ತಿದ್ದಿದಳು. ಆದರೆ ಸಂಜೆ ಮಾಳಿಗೆಯ ಮೇಲೆ ಬಟ್ಟೆ ತೆಗೆಯಲು ಹೋದವಳು ಬಟ್ಟೆಯನ್ನು ತೋಳಿನ ಮೇಲೆ ಹಾಕಿಕೊಂಡು ಹಾಗೇ ನಿಂತುಬಿಡುತ್ತಿದ್ದಳು. ಕೆಳಗಿನಿಂದ ನೋಡಿದ ಪರಶುರಾಮನಿಗೆ ಆ ನಿಲುವು ಅರ್ಥವಾಯಿತು. ಅದನ್ನು ಅರ್ಥಮಾಡಿಕೊಳ್ಳಲು ಅವನಿಗಿಂತ ಬಲ್ಲವರು ಯಾರಿದ್ದರು? ಇಲ್ಲದಿರುವ ಕಡೆಗೆ ನೋಡುವ ನೋಟ ಅದು. ಮೂರು ವರ್ಷ ತಾನು ಅವಳಿಗಾಗಿ ಹಂಬಲಿಸಿದ್ದ. ಈಗ ಅವಳು ಹಂಬಲಿಸುತ್ತಿದ್ದಾಳೆ, ಆ ಊರಿಗಾಗಿ, ಅಲ್ಲಿ ತಾನು ಆಗಿದ್ದವಳಿಗಾಗಿ. ಒಂದು ಕ್ಷಣ ಅವನಿಗೆ ಸಿಟ್ಟು ಬಂತು. ಮನೆಗೆ ಬಂದವಳಿಗೆ ಇನ್ನೆಲ್ಲಿಯ ನೆನಪು?

"ಬಂದಾಳೆ ಅಂತೀಯ," ಎಂದಳು ದ್ಯಾಮವ್ವ ಮೆಲ್ಲಗೆ. "ಅರ್ಧ ಇನ್ನೂ ದಾರಿಯಾಗೇ ಐತೆ. ಜೋರು ಮಾಡಬ್ಯಾಡ ಮತ್ತೆ."

ಕಾರ್ತಿಕದ ಒಂದು ಭಾನುವಾರ ಇಬ್ಬರೂ ಹರಿಹರಕ್ಕೆ ಹೋದರು. ಹುಲಿಯಪ್ಪನ ಮನೆಯಲ್ಲಿ ಊಟ ಮಾಡಿ, ಬಿಸಿಲು ಇಳಿದ ಮೇಲೆ ಹೊಳೆಯ ಕಡೆ ನಡೆದರು. ತುಂಗಭದ್ರೆ ಮಳೆಗಾಲದ ಕೆಂಪು ಕಳೆದುಕೊಂಡು ತಿಳಿಯಾಗಿದ್ದಳು. ಮರಳಿನ ಮೇಲೆ ಕೂತ ಮೀನಾಕ್ಷಿ ಮೇಲ್ಹರಿವಿನ ಕಡೆ ನೋಡುತ್ತಿದ್ದಳು. ಪರಶುರಾಮ ಬಹಳ ಹೊತ್ತು ಮಾತು ಹುಡುಕಿದ. ಇಲ್ಲಿ ಗಾಜು ಬಡಿಯುವವರು ಯಾರೂ ಇರಲಿಲ್ಲ.

"ಅಲ್ಲಿ ಹೊಳೆ ಐತೇನು?" ಎಂದು ಕೇಳಿದ ಕೊನೆಗೆ.

ಅವಳು ಅಚ್ಚರಿಯಿಂದ ತಿರುಗಿದಳು. ಬಂದ ದಿನದಿಂದ ಯಾರೂ ಅವಳನ್ನು ಅಲ್ಲಿಯ ಬಗ್ಗೆ ಕೇಳಿರಲಿಲ್ಲ. ಅವನೂ ಕೇಳಿರಲಿಲ್ಲ.

"ಕಾಲುವೆ ಐತೆ. ಗಂಗಾ ಕಾಲುವೆ. ಊರ ನಡುವೆನೇ ಹೋಗತೈತೆ."

"ದೊಡ್ಡದಾ?"

"ಈ ಹೊಳೆಯಷ್ಟು ಅಗಲ ಇಲ್ಲ. ಆದ್ರೆ ನೀರು... ಚಳಿಗಾಲದಾಗ ಹಸಿರು ಬಣ್ಣ ಇರತೈತೆ ರೀ, ಗಾಜಿನ ಹಸಿರು. ಮಂಜು ಕರಗಿದ ನೀರು. ಲ್ಯಾಬಿನಿಂದ ಬರೋವಾಗ ಅದರ ದಂಡೆ ಹಿಡಿದು ಬರ್ತಿದ್ದೆ."

"ಒಬ್ಬಳೇ?"

"ಒಬ್ಬಳೇ. ಆಕಾಶ ತಿಳಿಯಾಗಿದ್ರೆ ದೂರದಾಗ ಬೆಟ್ಟ ಕಾಣಿಸ್ತಿತ್ತು, ಬೆಳ್ಳಗೆ. ಮೊದಲ ಸಲ ಕಂಡಾಗ ಮೋಡ ಅನ್ಕಂಡಿದ್ದೆ. ನಿಮಗ ಹೇಳ್ಬೇಕು ಅನ್ಕಂಡೆ ಆ ಭಾನುವಾರ. ನೀವು ವೋಲ್ಟೇಜು ಹೇಳಿದ್ರಿ, ನಾ ಬರ್ಕಂಡೆ, ಅಷ್ಟರಾಗ ಫೋನು ಕಟ್ಟಾತು."

"ಈಗ ಹೇಳು."

ಅವಳು ಹೇಳತೊಡಗಿದಳು. ಬೆಳಗಿನ ಮಂಜಿನಲ್ಲಿ ಸೈಕಲ್ಲಿನ ಗಂಟೆ ಮಾತ್ರ ಕೇಳಿಸುತ್ತಿದ್ದುದು, ಹಿಂದಿ ಬಾರದೆ ಮೊದಲ ತಿಂಗಳು ಬರೀ ಬೆರಳು ತೋರಿಸಿ ತರಕಾರಿ ಕೊಂಡದ್ದು, ಮೂರನೆಯ ಕವಲು ಲೆಕ್ಕದೊಂದಿಗೆ ಕೂಡಿದ ದಿನ ಯಾರಿಗೆ ಹೇಳಬೇಕೆಂದು ತಿಳಿಯದೆ ಆ ಕಾಲುವೆಗೇ ಹೋಗಿ ಹೇಳಿಬಂದದ್ದು. ಕೆಲವನ್ನು ಕೇಳುವಾಗ ಪರಶುರಾಮನಿಗೆ ಸಂಕಟವಾಯಿತು. ತಾನಿಲ್ಲದ ಅಷ್ಟೊಂದು ದಿನಗಳು ಅವಳಲ್ಲಿ ತುಂಬಿದ್ದವು, ಅವುಗಳೊಳಗೆ ಅವನಿಗೆ ಎಂದೂ ಪ್ರವೇಶವಿರಲಿಲ್ಲ. ಆದರೂ ನಡುವೆ ಬಾಯಿ ಹಾಕದೆ ಕೇಳಿದ. ಅವಳು ನಿಂತಲ್ಲೆಲ್ಲ "ಆಮೇಲೆ?" ಎಂದ.

ಹೊತ್ತು ಇಳಿಯಿತು. ಮೀನಾಕ್ಷಿ ಚಪ್ಪಲಿ ಬಿಟ್ಟು, ಸೀರೆ ತುಸು ಎತ್ತಿ ಹಿಡಿದು ನೀರಿಗೆ ಕಾಲಿಟ್ಟಳು.

"ಅಲ್ಲಿ ಹಿಂಗೆ ಇಳಿಯಾಕ ಆಗ್ತಿರಲಿಲ್ಲ," ಎಂದಳು. "ಸೆಳೆವು ಭಾಳ."

ಪರಶುರಾಮ ಪ್ಯಾಂಟು ಮಡಚಿಕೊಂಡು ಅವಳ ಹಿಂದೆಯೇ ಇಳಿದ.